ಹೊಸ ವಿಡಿಯೋ ಗೇಮ್ ಯಂತ್ರ: ಕೊಳ್ಳಬೇಕೆ, ಬೇಡವೆ?

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಆಟದ ಯಂತ್ರದ ಪ್ರಸ್ತಾಪವೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದವನು ಕೃಷಿ ಬೆಲೆಗಳನ್ನೋ ಬ್ಯಾಂಕುಗಳನ್ನೋ ಕುರಿತು ಬರೆಯುವುದು ವಾಡಿಕೆ. ಆದರೆ ಮನುಷ್ಯನು ತನ್ನ ಮಿತವಾದ ಸಂಪಾದನೆಯನ್ನು ಯಾವುದಕ್ಕೆ ವೆಚ್ಚ ಮಾಡಬೇಕೆಂಬುದೇ ಆ ಶಾಸ್ತ್ರದ ಮೊದಲ ಪ್ರಶ್ನೆ. ಹೀಗಿರುವಾಗ, ಐವತ್ತೈದು ಸಾವಿರ ರೂಪಾಯಿ ಬೆಲೆಯ ಒಂದು ಪೆಟ್ಟಿಗೆಯನ್ನು ಕೊಳ್ಳುವುದು ಯೋಗ್ಯವೆ ಎಂದು ವಿಚಾರಿಸುವುದು ಶಾಸ್ತ್ರದ ಹೊರಗಿನ ಮಾತಲ್ಲವೆಂದು ನಂಬಿದ್ದೇನೆ.

ಈ ವಿಚಾರಕ್ಕೆ ನನ್ನನ್ನು ಎಳೆದವನು ನಮ್ಮಣ್ಣ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಣ್ಣನು ಎಸ್.ಎಸ್.ಎಲ್.ಸಿ. ಪಾಸು ಮಾಡಿದ ವರ್ಷ ತಂದೆಯವರ ಆರೋಗ್ಯ ಕೆಟ್ಟಿತು. ಅವನು ತಾಲ್ಲೂಕು ಕೇಂದ್ರದ ಒಂದು ಬೈಕ್ ಗ್ಯಾರೇಜಿಗೆ ಕೆಲಸಕ್ಕೆ ಸೇರಿದನು. ವಾರದಲ್ಲಿ ಆರು ದಿನ ಗ್ರೀಸು, ಆಯಿಲು, ಸ್ಪ್ಯಾನರು. ಭಾನುವಾರ ಮಧ್ಯಾಹ್ನ ಮಾತ್ರ, ಮೂರು ಗಂಟೆಗಳ ಕಾಲ, ಗೆಳೆಯರೊಡನೆ ಬಸ್ ನಿಲ್ದಾಣದ ಹಿಂದಿನ ಗೇಮಿಂಗ್ ಸೆಂಟರಿನಲ್ಲಿ ತಲೆಗೆ ಗಂಟೆಗೆ ಅರವತ್ತು ರೂಪಾಯಿನಂತೆ ಕೊಟ್ಟು ಫುಟ್‌ಬಾಲ್ ಆಡುವನು. ಕಳೆದ ದೀಪಾವಳಿಯ ರಜೆಗೆ ನಾನು ಊರಿಗೆ ಹೋದಾಗ ಅವನು, “ಎರಡು ವರ್ಷದಿಂದ ನಲವತ್ತು ಸಾವಿರ ಕೂಡಿಟ್ಟಿದ್ದೀನಿ. ಹೊಸ ಪ್ಲೇಸ್ಟೇಷನ್ ತಗೊಳ್ಳೋಣ ಅಂತಿದೆ. ಅಂಗಡಿಯವನು ಐವತ್ತೈದು ಹೇಳ್ತಾನೆ, ಉಳಿದದ್ದಕ್ಕೆ ಕಂತು ಮಾಡಿಕೊಡ್ತಾನಂತೆ. ನೀನು ಓದಿದವನಲ್ವೇನೋ, ಲೆಕ್ಕ ಹಾಕಿ ಹೇಳು,” ಎಂದನು. ನಮ್ಮಂಥ ಮನೆಗಳಲ್ಲಿ ಮೊದಲು ಓದಿದವನಿಗೆ ಇಂಥ ಪ್ರಶ್ನೆಗಳು ಬರುತ್ತವೆ. ಉತ್ತರವನ್ನು ಮನೆಯವರು ನಂಬಿಯೂ ಬಿಡುತ್ತಾರೆ. ಆದುದರಿಂದ ಹಾರಿಕೆಯ ಮಾತು ಹೇಳಲು ಮನಸ್ಸಾಗಲಿಲ್ಲ. ವಿಚಾರಿಸಿ ತಿಳಿದುದನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ಈ ವಸ್ತು ಯಾವುದೆಂದು ನೋಡೋಣ. ಕನ್ಸೋಲ್ ಎಂದರೆ ಟಿ.ವಿ.ಗೆ ಜೋಡಿಸಿ ಆಡಲೆಂದೇ ಮಾಡಿದ ಒಂದು ಕಂಪ್ಯೂಟರು. ಬೇರೆ ಕಂಪ್ಯೂಟರುಗಳಲ್ಲಿ ಪತ್ರ ಬರೆಯಬಹುದು, ಲೆಕ್ಕ ಇಡಬಹುದು. ಇದು ಮುಖ್ಯವಾಗಿ ಆಟಕ್ಕೆ. ರಾಲ್ಫ್ ಬೇಯರ್ ಎಂಬ ಎಂಜಿನಿಯರನ ಕಲ್ಪನೆಯಿಂದ ೧೯೭೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಮ್ಯಾಗ್ನವಾಕ್ಸ್ ಒಡಿಸ್ಸಿ’ಯೇ ಮನೆಯಲ್ಲಿ ಆಡುವ ಇಂಥ ಯಂತ್ರಗಳಲ್ಲಿ ಮೊದಲನೆಯದು. ೧೯೭೭ರಲ್ಲಿ ಅಟಾರಿ ಸಂಸ್ಥೆಯ ಯಂತ್ರವೂ, ೧೯೮೩ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ‘ಫ್ಯಾಮಿಕಾಂ’ ಯಂತ್ರವೂ ಬಂದುವು. ನಮ್ಮ ಪೇಟೆಗಳಲ್ಲಿ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಅಗ್ಗದ ವಿಡಿಯೋ ಗೇಮುಗಳಲ್ಲಿ ಬಹುಪಾಲು ಈ ಫ್ಯಾಮಿಕಾಂ ಯಂತ್ರದ ನಕಲುಗಳು. ಸೋನಿ ಸಂಸ್ಥೆಯು ೧೯೯೪ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ನನ್ನೂ, ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೧ರಲ್ಲಿ ಎಕ್ಸ್‌ಬಾಕ್ಸನ್ನೂ ಹೊರತಂದುವು. ಈ ಸಂಸ್ಥೆಗಳು ಐದಾರು ಇಲ್ಲವೆ ಏಳು ವರ್ಷಕ್ಕೊಮ್ಮೆ ಹೊಸ ತಲೆಮಾರಿನ ಯಂತ್ರವನ್ನು ಹೊರಡಿಸುವುದು ರೂಢಿ. ಪ್ಲೇಸ್ಟೇಷನ್ ೪ ಬಂದದ್ದು ೨೦೧೩ರಲ್ಲಿ, ೫ ಬಂದದ್ದು ೨೦೨೦ರಲ್ಲಿ. ಹೊಸದು ಬಂದಾಗಲೆಲ್ಲ ಹಳೆಯದನ್ನು ಹೊಂದಿದವನಿಗೂ, ಏನನ್ನೂ ಹೊಂದದವನಿಗೂ ಒಂದೇ ಪ್ರಶ್ನೆ ಏಳುವುದು: ಕೊಳ್ಳಬೇಕೆ?

ಈ ಪ್ರಶ್ನೆಗೆ ಜಾಹೀರಾತುಗಳು ಕೊಡುವ ಉತ್ತರವೆಲ್ಲ ಯಂತ್ರದ ಶಕ್ತಿಯನ್ನು ಕುರಿತದ್ದು: ಚಿತ್ರ ಇಷ್ಟು ಸ್ಪಷ್ಟ, ವೇಗ ಇಷ್ಟು ಪಟ್ಟು ಹೆಚ್ಚು. ಅಣ್ಣನೂ ನಾನೂ ಜಗಲಿಯ ಮೇಲೆ ಕುಳಿತು ಇದನ್ನೇ ಚರ್ಚಿಸುತ್ತಿದ್ದೆವು. ತಂದೆಯವರಿಗೆ ಕನ್ಸೋಲ್ ಎಂದರೇನೆಂದು ತಿಳಿಯದು. ಆದರೆ ಜಾತ್ರೆಯಲ್ಲಿ ಎತ್ತು ಕೊಂಡು ಬಲ್ಲವರು. ನಮ್ಮ ಮಾತನ್ನು ಬಹಳ ಹೊತ್ತು ಕೇಳಿ, “ಎತ್ತು ಎಷ್ಟಕ್ಕೆ ಬಂತು ಅಂತ ಎಲ್ರೂ ಕೇಳ್ತಾರೆ. ಮೇವಿಗೆ ಎಷ್ಟಾಗುತ್ತೆ ಅಂತ ಕೇಳೋನೇ ಬೇಸಾಯ ಬಲ್ಲೋನು,” ಎಂದರು. ಪುಸ್ತಕದಲ್ಲಿ ನಾವು ‘ಪೂರಕ ಸರಕುಗಳು’ ಎಂಬ ಶೀರ್ಷಿಕೆಯಡಿ ಓದುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು. ಲೇಖನಿಗೆ ಮಸಿ, ಬೈಕಿಗೆ ಪೆಟ್ರೋಲು, ಅಂತೆಯೇ ಕನ್ಸೋಲಿಗೆ ಆಟಗಳು. ಒಂದಿಲ್ಲದೆ ಇನ್ನೊಂದು ನಿಷ್ಪ್ರಯೋಜಕ.

ಈ ವ್ಯಾಪಾರದ ಮರ್ಮವೂ ಇಲ್ಲೇ ಇದೆ. ಯಂತ್ರವನ್ನು ತಯಾರಿಸುವವರು ಅನೇಕ ವೇಳೆ ಅದನ್ನು ಅಸಲಿಗೆ, ಕೆಲವು ಸಲ ನಷ್ಟಕ್ಕೂ ಮಾರುತ್ತಾರೆ. ೨೦೦೬ರಲ್ಲಿ ಬಂದ ಪ್ಲೇಸ್ಟೇಷನ್ ೩ರ ಹೆಚ್ಚಿನ ಬೆಲೆಯ ಮಾದರಿಗೆ ಅಮೆರಿಕದಲ್ಲಿ ೫೯೯ ಡಾಲರು. ಆದರೂ ಆರಂಭದಲ್ಲಿ ಅದು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಯಾಗಿತ್ತು. ೨೦೨೧ರಲ್ಲಿ ಅಮೆರಿಕದ ಒಂದು ನ್ಯಾಯಾಲಯದಲ್ಲಿ ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರು, ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ತಮಗೆ ಎಂದೂ ಲಾಭ ಬಂದಿಲ್ಲವೆಂದು ಸಾಕ್ಷ್ಯ ನುಡಿದರು. ಹಾಗಾದರೆ ಲಾಭವೆಲ್ಲಿ? ಆಟಗಳಲ್ಲಿ, ಆಟಗಳನ್ನು ಮಾಡಿದ ಇತರರಿಂದ ಬರುವ ಪಾಲಿನಲ್ಲಿ, ಇತರರೊಡನೆ ಇಂಟರ್ನೆಟ್ಟಿನಲ್ಲಿ ಆಡಲು ಕಟ್ಟಬೇಕಾದ ಚಂದಾದಲ್ಲಿ. ಪ್ಲೇಸ್ಟೇಷನ್ ೫ ಭಾರತಕ್ಕೆ ಬಂದಾಗ ಸೋನಿಯವರ ದೊಡ್ಡ ಆಟವೊಂದಕ್ಕೆ ೪,೯೯೯ ರೂಪಾಯಿ ಬೆಲೆಯಿತ್ತು. ಹತ್ತು ಆಟ ಕೊಂಡವನು ಇನ್ನೊಂದು ಯಂತ್ರದ ಬೆಲೆಯನ್ನೇ ತೆತ್ತಂತಾಯಿತು. ಆದುದರಿಂದ ಪೆಟ್ಟಿಗೆಯ ಬೆಲೆಯನ್ನು ಬೆಲೆಯೆಂದು ತಿಳಿಯಬಾರದು. ಅದು ಪ್ರವೇಶ ಧನ ಮಾತ್ರ.

ಇದರಿಂದ ಮೊದಲನೆಯ ನಿಯಮವು ತಾನಾಗಿಯೇ ಹೊರಡುತ್ತದೆ. ‘ಯಂತ್ರ ಎಷ್ಟು ಬಲವಾದದ್ದು?’ ಎಂದಲ್ಲ, ‘ನಾನು ಆಡಬಯಸುವ ಯಾವ ಆಟ ಇದರಲ್ಲಿ ಮಾತ್ರ ಇದೆ?’ ಎಂದು ಕೇಳತಕ್ಕದ್ದು. ಸೆಗಾ ಸಂಸ್ಥೆಯ ‘ಡ್ರೀಮ್‌ಕಾಸ್ಟ್’ ೧೯೯೮ರ ನವೆಂಬರಿನಲ್ಲಿ ಜಪಾನಿನಲ್ಲಿ ಬಂದಾಗ ಅತ್ಯಾಧುನಿಕ ಯಂತ್ರವೆನಿಸಿತ್ತು; ೨೦೦೧ರಲ್ಲಿ ಅದರ ತಯಾರಿಕೆಯೇ ನಿಂತಿತು. ನಿಂಟೆಂಡೊ ೨೦೧೨ರಲ್ಲಿ ಬಿಟ್ಟ ‘ವೀ ಯು’ ಒಂದು ಕೋಟಿ ಮೂವತ್ತೈದು ಲಕ್ಷದಷ್ಟು ಮಾತ್ರ ಮಾರಾಟವಾಯಿತು. ಮಾರಾಟ ಕಡಿಮೆಯಾದ ಯಂತ್ರಕ್ಕೆ ಬೇರೆಯವರು ಆಟ ಬರೆಯುವುದಿಲ್ಲ. ಆಟ ಬಾರದ ಯಂತ್ರವನ್ನು ಜನ ಕೊಳ್ಳುವುದಿಲ್ಲ. ಅದೇ ಸಂಸ್ಥೆಯು ೨೦೧೭ರಲ್ಲಿ ತಂದ ‘ಸ್ವಿಚ್’ ಆಗಿನ ಪ್ಲೇಸ್ಟೇಷನ್ನಿಗಿಂತ ಶಕ್ತಿಯಲ್ಲಿ ಕಡಿಮೆಯದು. ಆದರೂ ಅದರ ಆಟಗಳನ್ನು ಜನ ಮೆಚ್ಚಿದುದರಿಂದ ೨೦೨೫ರ ವೇಳೆಗೆ ಮಾರಾಟ ಹದಿನೈದು ಕೋಟಿ ದಾಟಿತು.

ಎರಡನೆಯ ಪ್ರಶ್ನೆ ಕಾಲದ್ದು: ಬಂದ ದಿನವೇ ಕೊಳ್ಳಬೇಕೋ, ಕಾಯಬೇಕೋ? ಬಹುಕಾಲದವರೆಗೆ ‘ತಾಳಿದವನು ಬಾಳಿಯಾನು’ ಎಂಬ ಗಾದೆಯೇ ಇದಕ್ಕೆ ಉತ್ತರವಾಗಿತ್ತು. ೨೦೧೧ರ ಮಾರ್ಚಿಯಲ್ಲಿ ನಿಂಟೆಂಡೊ ತನ್ನ ‘೩ಡಿಎಸ್’ ಎಂಬ ಕೈಯಂತ್ರವನ್ನು ಅಮೆರಿಕದಲ್ಲಿ ಸುಮಾರು ೨೫೦ ಡಾಲರಿಗೆ ಬಿಟ್ಟಿತು. ಮಾರಾಟವಾಗದೆ ಆಗಸ್ಟಿನಲ್ಲಿ ಸುಮಾರು ೧೭೦ ಡಾಲರಿಗೆ ಇಳಿಸಿತು. ಮೊದಲು ಕೊಂಡವರ ಕೋಪ ಶಮನಕ್ಕೆ ಇಪ್ಪತ್ತು ಹಳೆಯ ಆಟಗಳನ್ನು ಪುಕ್ಕಟೆಯಾಗಿ ಹಂಚಬೇಕಾಯಿತು. ೫೯೯ ಡಾಲರಿನ ಪ್ಲೇಸ್ಟೇಷನ್ ೩, ೨೦೦೯ರಲ್ಲಿ ತೆಳುವಾದ ರೂಪ ತಾಳಿ ೨೯೯ ಡಾಲರಿಗೆ ಸಿಕ್ಕಿತು. ಮೊದಲ ವರ್ಷಗಳ ಯಂತ್ರಗಳಲ್ಲಿ ದೋಷಗಳೂ ಹೆಚ್ಚು. ಎಕ್ಸ್‌ಬಾಕ್ಸ್ ೩೬೦ರಲ್ಲಿ ಮೂರು ಕೆಂಪು ದೀಪ ಹತ್ತಿ ಯಂತ್ರ ನಿಂತುಹೋಗುವ ರೋಗ ಹಬ್ಬಿ, ೨೦೦೭ರಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ಮೂರು ವರ್ಷದ ಖಾತರಿ ಕೊಟ್ಟು, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ತೆಗೆದಿಟ್ಟಿತು.

ಆದರೆ ಕಾದರೆ ಅಗ್ಗವಾಗುವುದೆಂಬ ಭರವಸೆ ಈಚೆಗೆ ಮುರಿದುಬಿದ್ದಿದೆ. ಪ್ಲೇಸ್ಟೇಷನ್ ೫ ನಮ್ಮ ದೇಶಕ್ಕೆ ೨೦೨೧ರ ಫೆಬ್ರುವರಿಯಲ್ಲಿ ೪೯,೯೯೦ ರೂಪಾಯಿಗೆ ಬಂದಿತು. ೨೦೨೨ರ ನವೆಂಬರಿನಲ್ಲಿ ಅದು ೫೪,೯೯೦ಕ್ಕೆ ಏರಿತು. ಅಮೆರಿಕದಲ್ಲಿ ೪೯೯ ಡಾಲರಿಗೆ ಬಂದ ಅದೇ ಯಂತ್ರ ೨೦೨೫ರ ಆಗಸ್ಟಿನಲ್ಲಿ, ಅಂದರೆ ಹೆಚ್ಚುಕಡಮೆ ಐದು ವರ್ಷ ಹಳೆಯದಾದ ಮೇಲೆ, ೫೪೯ ಡಾಲರಾಯಿತು. ಇದಕ್ಕೆ ಕಾರಣವುಂಟು. ಹಿಂದೆ ಚಿಪ್ಪುಗಳನ್ನು ಕೆಲವು ವರ್ಷಕ್ಕೊಮ್ಮೆ ಇನ್ನಷ್ಟು ಚಿಕ್ಕದಾಗಿ ಮಾಡುವ ವಿದ್ಯೆ ಬೆಳೆಯುತ್ತಿತ್ತು; ಚಿಪ್ಪು ಚಿಕ್ಕದಾದಷ್ಟೂ ಒಂದೇ ಬಿಲ್ಲೆಯಲ್ಲಿ ಹೆಚ್ಚು ಚಿಪ್ಪುಗಳು ಹುಟ್ಟಿ ತಲಾ ವೆಚ್ಚ ಇಳಿಯುತ್ತಿತ್ತು. ಈಗ ಇನ್ನೂ ಚಿಕ್ಕದು ಮಾಡುವ ಕಾರ್ಖಾನೆಗಳ ವೆಚ್ಚವೇ ವಿಪರೀತವಾಗಿ, ಆ ಉಳಿತಾಯ ಕರಗಿಹೋಗಿದೆ. ಇದರೊಡನೆ ಹಣದುಬ್ಬರವೂ, ನಾಣ್ಯಗಳ ವಿನಿಮಯದ ಏರಿಳಿತವೂ ಸೇರಿದುವು. ಆದುದರಿಂದ ಈಗ ಕಾಯುವುದರ ಲಾಭ ಹೊಸ ಯಂತ್ರದ ಬೆಲೆಯಲ್ಲಿಲ್ಲ. ದೋಷಗಳು ಬಯಲಾಗುವುದರಲ್ಲಿ, ಆಟಗಳು ಅಗ್ಗವಾಗುವುದರಲ್ಲಿ, ಇತರರು ಬಳಸಿ ಬಿಟ್ಟ ಯಂತ್ರಗಳು ಮಾರುಕಟ್ಟೆಗೆ ಬರುವುದರಲ್ಲಿ ಇದೆ.

ಮೂರನೆಯದು ಡಿಸ್ಕಿನ ವಿಷಯ. ಕೆಲವು ಯಂತ್ರಗಳಿಗೆ ಡಿಸ್ಕ್ ಹಾಕುವ ಕಿಂಡಿ ಉಂಟು, ಕೆಲವಕ್ಕೆ ಇಲ್ಲ. ಇಲ್ಲದ್ದರ ಬೆಲೆ ಕಡಿಮೆ. ೨೦೨೧ರಲ್ಲಿ ನಮ್ಮಲ್ಲಿ ಎರಡಕ್ಕೂ ಹತ್ತು ಸಾವಿರದ ಅಂತರವಿತ್ತು. ಆದರೆ ಡಿಸ್ಕನ್ನು ಆಡಿ ಮುಗಿಸಿ ಗೆಳೆಯನಿಗೆ ಕೊಡಬಹುದು, ಅರ್ಧ ಬೆಲೆಗಾದರೂ ಮಾರಬಹುದು, ಇನ್ನೊಬ್ಬನು ಮಾರಿದ್ದನ್ನು ಕೊಳ್ಳಬಹುದು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಆಟವನ್ನು ಹೀಗೆ ಕೈ ಬದಲಿಸಲಾಗದು. ಅಂಗಡಿಯೇ ಮುಚ್ಚಿದರೆ? ‘೩ಡಿಎಸ್’ ಮತ್ತು ‘ವೀ ಯು’ ಯಂತ್ರಗಳ ಇಂಟರ್ನೆಟ್ ಅಂಗಡಿಯಲ್ಲಿ ೨೦೨೩ರ ಮಾರ್ಚಿಯಿಂದ ಹೊಸ ಖರೀದಿ ನಿಂತಿತು. ಎಕ್ಸ್‌ಬಾಕ್ಸ್ ೩೬೦ರ ಅಂಗಡಿ ೨೦೨೪ರ ಜುಲೈಯಲ್ಲಿ ಮುಚ್ಚಿತು. ಅಲ್ಲದೆ ಈಗಿನ ದೊಡ್ಡ ಆಟಗಳು ನೂರು ಜಿ.ಬಿ.ಗೂ ಮಿಕ್ಕಿ ಇರುವುದುಂಟು. ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ ಮೊಬೈಲ್ ಪ್ಯಾಕಿನಿಂದ ಅಂಥದೊಂದನ್ನು ಇಳಿಸಬೇಕಾದರೆ ಎರಡು ತಿಂಗಳೂ ಸಾಲವು. ಮನೆಗೆ ಬ್ರಾಡ್‌ಬ್ಯಾಂಡ್ ಇಲ್ಲದವನು ಡಿಸ್ಕ್ ಇಲ್ಲದ ಯಂತ್ರವನ್ನು ಕೊಂಡರೆ ಬಾವಿಯಿಲ್ಲದೆ ರಾಟೆ ಕೊಂಡಂತೆ.

ನಮ್ಮ ದೇಶದವರು ಇನ್ನೊಂದನ್ನು ಗಮನಿಸಬೇಕು. ಎಲ್ಲ ಸಂಸ್ಥೆಗಳೂ ಎಲ್ಲ ಯಂತ್ರಗಳನ್ನೂ ಇಲ್ಲಿ ತಾವೇ ಮಾರುವುದಿಲ್ಲ. ೨೦೧೭ರಲ್ಲಿ ‘ಸ್ವಿಚ್’ ಬಂದಾಗ ನಿಂಟೆಂಡೊ ಅದನ್ನು ಭಾರತದಲ್ಲಿ ನೇರವಾಗಿ ಮಾರಾಟಕ್ಕೆ ಬಿಡಲಿಲ್ಲ. ಹೊರದೇಶದಿಂದ ತರಿಸಿ ಮಾರುವವರಿಂದಲೇ ಕೊಳ್ಳಬೇಕಾಯಿತು. ಇಂಥ ಯಂತ್ರ ಕೆಟ್ಟರೆ ರಿಪೇರಿ ಎಲ್ಲಿ ಎಂದು ಹಣ ಕೊಡುವ ಮೊದಲೇ ಕೇಳಬೇಕು. ವಿದ್ಯುತ್ತಿನ ಭಯ ಮಾತ್ರ ಬೇಡ. ಈಗಿನ ದೊಡ್ಡ ಯಂತ್ರಗಳು ಆಡುವಾಗ ಸುಮಾರು ಇನ್ನೂರು ವ್ಯಾಟ್ ಎಳೆಯುತ್ತವೆ. ಐದು ಗಂಟೆಗೆ ಒಂದು ಯೂನಿಟ್ಟು. ಬಿಲ್ಲಿಗಿಂತ ವೋಲ್ಟೇಜಿನ ಏರಿಳಿತದ ಕಡೆ ಗಮನವಿಡುವುದು ಲೇಸು.

ಇನ್ನು ಲೆಕ್ಕ. ಅಣ್ಣನ ವಿಷಯದಲ್ಲಿ ನಾನು ಹೀಗೆ ಬರೆದೆನು. ಯಂತ್ರಕ್ಕೆ ೫೫,೦೦೦, ಗೆಳೆಯನೊಡನೆ ಆಡಲು ಇನ್ನೊಂದು ಕಂಟ್ರೋಲರಿಗೆ ೬,೦೦೦, ವರ್ಷಕ್ಕೆ ಒಂದೇ ಹೊಸ ಆಟದಂತೆ ಐದು ವರ್ಷಕ್ಕೆ ೨೫,೦೦೦, ಒಟ್ಟು ೮೬,೦೦೦. ಐದು ವರ್ಷದ ಕೊನೆಗೆ ಎಲ್ಲವನ್ನೂ ಮಾರಿದರೆ ೧೧,೦೦೦ ಬಂದೀತೆಂದು ಹಿಡಿದರೆ, ನಿವ್ವಳ ವೆಚ್ಚ ೭೫,೦೦೦. ಅವನಿಗೆ ಬಿಡುವು ಭಾನುವಾರ ಮೂರು ಗಂಟೆ. ವರ್ಷಕ್ಕೆ ಐವತ್ತು ವಾರವೆಂದರೆ ೧೫೦ ಗಂಟೆ. ಐದು ವರ್ಷಕ್ಕೆ ೭೫೦ ಗಂಟೆ. ಗಂಟೆಗೆ ನೂರು ರೂಪಾಯಿ ಬಿದ್ದಿತು. ಗೇಮಿಂಗ್ ಸೆಂಟರಿನಲ್ಲಾದರೋ ಅರವತ್ತೇ. ಯಂತ್ರ ಕೊಂಡದ್ದು ಸರಿಯೆನ್ನಬೇಕಾದರೆ ಅವನು ಐದು ವರ್ಷದಲ್ಲಿ ೧,೨೫೦ ಗಂಟೆ, ಅಂದರೆ ವಾರಕ್ಕೆ ಐದು ಗಂಟೆ, ಆಡಬೇಕು. ಹದಿನೈದು ಸಾವಿರದ ಕಂತಿನ ಮಾತು ಬೇರೆ. ‘ಬಡ್ಡಿಯಿಲ್ಲದ ಕಂತು’ ಎಂದು ಬೋರ್ಡು ಹಾಕಿದ ಕಡೆ ಸಂಸ್ಕರಣಾ ಶುಲ್ಕವೆಂದೋ, ರೊಕ್ಕ ಎಣಿಸಿದವನಿಗೆ ಸಿಗುವ ರಿಯಾಯಿತಿ ಇಲ್ಲವೆಂದೋ ಬಡ್ಡಿಯು ಬೇರೆ ಹೆಸರಿನಲ್ಲಿ ಬರುವುದುಂಟು. ಈ ರೀತಿಯ ತಲಾ ಗಂಟೆಯ ಲೆಕ್ಕವನ್ನು ಯಾವ ವಾಚಕನಾದರೂ ತನ್ನ ಅಂಕಿಗಳನ್ನು ಇಟ್ಟು ಅರ್ಧ ಗಂಟೆಯಲ್ಲಿ ಮಾಡಬಹುದು. ಆಡುವ ಗಂಟೆಗಳನ್ನು ಆಸೆಯಿಂದಲ್ಲ, ಕಳೆದ ತಿಂಗಳು ನಿಜವಾಗಿ ಎಷ್ಟು ಬಿಡುವಿತ್ತೆಂಬುದರಿಂದ ಎಣಿಸಬೇಕು, ಅಷ್ಟೆ.

ಲೆಕ್ಕ ಮುಗಿಯಿತು, ಉತ್ತರ ‘ಬೇಡ’ ಎಂದು ಬಂದಿತು. ನಾನು ಹಾಳೆಯನ್ನು ಅಣ್ಣನ ಮುಂದಿಟ್ಟೆನು. ಅವನು ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿ, “ಸರಿಯಾಗೇ ಇದೆ,” ಎಂದನು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಿ ಗಂಟೆ ನೋಡ್ಕೊಂಡು ಆಡಬೇಕು ಕಣೋ. ಗ್ಯಾರೇಜಲ್ಲೂ ಗಂಟೆ, ಅಲ್ಲೂ ಗಂಟೆ. ಮನೇಲಾದ್ರೆ ನೋಡಬೇಕಾಗಿಲ್ಲ,” ಎಂದನು.

ಈ ಬಾಬನ್ನು ನಾನು ಲೆಕ್ಕದಲ್ಲಿ ಬರೆದಿರಲಿಲ್ಲ. ಅದಕ್ಕೆ ಯಾವ ಅಂಕಿ ಹಾಕಬೇಕೆಂದು ತಿಳಿಯಲೂ ಇಲ್ಲ. ಆ ರಾತ್ರಿ ಇನ್ನೊಂದು ಯೋಚನೆಯೂ ಬಂದಿತು. ನನ್ನ ಮೂರು ವರ್ಷದ ಹಾಸ್ಟೆಲು, ಪುಸ್ತಕ, ಬಸ್ ಪಾಸುಗಳಿಗೆ ಅಣ್ಣನ ಗ್ಯಾರೇಜಿನ ಹಣವೂ ಸೇರಿದೆ. ಅವನು ಮುಂದೆ ಓದಿದ್ದರೆ ಏನಾಗುತ್ತಿದ್ದನೆಂಬುದನ್ನು ನಮ್ಮ ಪುಸ್ತಕವು ‘ಅವಕಾಶ ವೆಚ್ಚ’ ಎಂದು ಕರೆಯುವುದು. ನಮ್ಮ ಮನೆಯಲ್ಲಿ ಅದನ್ನು ಯಾರೂ ಬರೆದಿಟ್ಟಿಲ್ಲ. ಗಂಟೆಗೆ ಎಷ್ಟು ಬಿದ್ದಿತೆಂದು ನನ್ನನ್ನು ಅವನು ಒಮ್ಮೆಯೂ ಕೇಳಿಲ್ಲ. ಹಾಗೆಂದು ಲೆಕ್ಕ ತಪ್ಪಲ್ಲ. ಆದರೆ ಲೆಕ್ಕ ಹಾಕಿದವನು ಅದನ್ನು ತೀರ್ಪಿನಂತೆ ಓದಬಾರದು. ಹಣ ದುಡಿದವನ ಕೈಗೆ ದೀಪದಂತೆ ಕೊಡಬೇಕು. ಬಡವನ ಆಟವೆಲ್ಲ ದುಂದು, ಉಳ್ಳವನ ಆಟವೆಲ್ಲ ವಿರಾಮ ಎಂಬ ನೀತಿಯನ್ನು ಅರ್ಥಶಾಸ್ತ್ರ ಕಲಿಸಿಲ್ಲ. ಅದನ್ನು ಶಾಸ್ತ್ರದ ಹೆಸರಿನಲ್ಲಿ ನಾನು ಮನೆಗೆ ತಂದಿದ್ದೆನು.

ಬೆಳಿಗ್ಗೆ ಪ್ರಶ್ನೆಯನ್ನು ಬದಲಿಸಿ ಕೇಳಿದೆನು: “ಅಣ್ಣಾ, ನೀನು ಯಾವ ಯಾವ ಆಟ ಆಡ್ತೀಯ?” ಫುಟ್‌ಬಾಲ್ ಒಂದು, ಕಾರಿನ ರೇಸು ಒಂದು, ಮೂರನೆಯದನ್ನು ಅವನು ಹೇಳಲಿಲ್ಲ. ಎರಡೂ ಆಟಗಳು ಹಳೆಯ ಪ್ಲೇಸ್ಟೇಷನ್ ೪ರಲ್ಲೂ ನಡೆಯುತ್ತವೆ. ೨೦೨೫ರಲ್ಲಿ ಬಂದ ‘ಎಫ್‌ಸಿ ೨೬’ ಫುಟ್‌ಬಾಲ್ ಕೂಡ, ಯಂತ್ರಕ್ಕೆ ಹನ್ನೆರಡು ವರ್ಷವಾದರೂ, ಅದರಲ್ಲಿ ಆಡುವಂತೆ ಹೊರಟಿತು. ಎರಡು ಕಂಟ್ರೋಲರಿನೊಡನೆ ಬಳಸಿದ ಯಂತ್ರವೊಂದು ೧೮,೦೦೦ಕ್ಕೆ ಪರಿಚಯದವರಲ್ಲಿತ್ತು. ಬಳಸಿದ ಡಿಸ್ಕುಗಳಿಗೆ ಮೂರು ವರ್ಷಕ್ಕೆ ೪,೫೦೦ ಎಂದರೂ ೨೨,೫೦೦, ಮೂರು ವರ್ಷ ಬಾಳಿದರೆ ೪೫೦ ಗಂಟೆ, ಗಂಟೆಗೆ ಐವತ್ತು. ಕಂತಿಲ್ಲ, ಸಾಲವಿಲ್ಲ. ಮುಂದೆ ಹೊಸ ಪ್ಲೇಸ್ಟೇಷನ್ ೫ ಕೊಂಡರೂ ಡಿಸ್ಕ್ ಕಿಂಡಿಯಿರುವ ಮಾದರಿಯಾದರೆ ಹಳೆಯ ಡಿಸ್ಕುಗಳಲ್ಲಿ ಹೆಚ್ಚಿನವು ಅದರಲ್ಲಿ ನಡೆಯುವುವು. ಹೊಸದರ ಡಿಸ್ಕು ಹಳೆಯದರಲ್ಲಿ ನಡೆಯದು.

ಅಣ್ಣನು ಅದನ್ನೇ ಕೊಂಡನು. ಕೊಳ್ಳುವ ಮುನ್ನ ತಂದೆಯವರು ಎತ್ತಿನ ಹಲ್ಲು ನೋಡುವಂತೆ ಒಂದು ಗಂಟೆ ಆಡಿಸಿ ನೋಡಿದನು: ಫ್ಯಾನು ಕಿರುಚುವುದೆ, ಡಿಸ್ಕು ಸಿಕ್ಕಿಕೊಳ್ಳುವುದೆ, ಕಂಟ್ರೋಲರಿನ ಕಡ್ಡಿ ಮುಟ್ಟದೆಯೇ ಓಡುವುದೆ, ಹಳೆಯ ಮಾಲೀಕನ ಖಾತೆ ಅಳಿಸಿದೆಯೆ ಎಂದು. ಉಳಿದ ಹಣ ಬ್ಯಾಂಕಿನಲ್ಲಿದೆ.

ಒಟ್ಟಿನಲ್ಲಿ ಹೇಳುವುದಾದರೆ, ಹೊಸ ಯಂತ್ರದ ಮುಂದೆ ನಿಂತವನು ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ: ನಾನು ಬಯಸುವ ಆಟ ಇದರಲ್ಲಿ ಮಾತ್ರ ಉಂಟೆ? ಪೆಟ್ಟಿಗೆಯ ಬೆಲೆಗೆ ಆಟ, ಚಂದಾ, ಕಂಟ್ರೋಲರುಗಳ ಬೆಲೆ ಕೂಡಿಸಿದೆನೆ? ನನ್ನ ನಿಜವಾದ ಬಿಡುವಿನಿಂದ ಭಾಗಿಸಿದೆನೆ? ಬೇಡವೆಂದಾಗ ಡಿಸ್ಕನ್ನೂ ಯಂತ್ರವನ್ನೂ ಇನ್ನೊಬ್ಬರಿಗೆ ದಾಟಿಸಬಲ್ಲೆನೆ? ನಾಲ್ಕಕ್ಕೂ ಸಮಾಧಾನಕರವಾದ ಉತ್ತರ ಬಂದವನು ಸಂತೋಷದಿಂದ ಕೊಳ್ಳಲಿ. ಯಾರಿಗೂ ಸಮಜಾಯಿಷಿ ಹೇಳಬೇಕಾಗಿಲ್ಲ. ಬಾರದವನು ಕಾಯಲಿ, ಇಲ್ಲವೆ ಹಳೆಯದನ್ನು ಹುಡುಕಲಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಅಣ್ಣನ ಗೆಳೆಯರು ನಾಲ್ವರು ಇದ್ದರು. ನಾನೂ ಒಂದು ಆಟ ಆಡಿ ಐದು ಗೋಲುಗಳಿಂದ ಸೋತೆನು. ತಾಯಿಯವರು ಎರಡು ಸಲ ಟೀ ಕೊಟ್ಟರು. ಎಷ್ಟು ಗಂಟೆ ಆಡಿದೆವೆಂದು ಬರೆದಿಡಬೇಕೆಂದು ನಾನು ಹೊರಟಿದ್ದೆನು; ಆದರೆ ಅಂದು ಯಾರೂ ಗಡಿಯಾರ ನೋಡಿರಲಿಲ್ಲ.